ಪಾಠಕ್ಕೆಂದು ಬಂದ ಮೊಬೈಲ್

ಮದ್ದೂರಿನ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿ. ಮನೆಗಿರುವ ಒಂದೇ ಮೊಬೈಲ್ ರಾತ್ರಿ ಊಟವಾದ ಮೇಲೆ ಅವಳ ಕೈಗೆ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ನೋಟ್ಸಿನ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿಕೊಂಡು ಒಂದೊಂದೇ ಸಾಲು ಬರೆದುಕೊಳ್ಳುತ್ತಾಳೆ. ಮೊನ್ನೆ ನಾಲ್ಕನೇ ಸಾಲಿನಲ್ಲಿದ್ದಾಗ ಗೆಳತಿಯ ರೀಲ್ಸ್ ಬಂತು. ಮುಕ್ಕಾಲು ಗಂಟೆಯ ನಂತರ ಅಕ್ಕ ಗದರಿದಾಗ ನೋಡಿದರೆ ಆ ಸಾಲು ಅರ್ಧಕ್ಕೇ ನಿಂತಿತ್ತು.

ಬೈಗುಳ ಮಗುವಿಗೆ. ಆದರೆ ಮೊಬೈಲನ್ನು ಅವಳ ಕೈಗಿಟ್ಟವರು ನಾವು ದೊಡ್ಡವರೇ.

2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗಲೂ ಹಳ್ಳಿಮನೆಗಳಲ್ಲಿ ಮೊಬೈಲ್ ಹೆಚ್ಚಾಗಿ ಅಪ್ಪನ ಜೇಬಿನಲ್ಲೇ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ ಬಂತು. ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಶುರುವಾಗಿ, ಮೇಷ್ಟ್ರುಗಳು ಗುಡಿಯ ಜಗುಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಕೊನೆಗೆ ಉಳಿದದ್ದು ಮೊಬೈಲ್.

ಅದೇ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಒಂಬತ್ತೇ ದಿನಕ್ಕೆ, ಜುಲೈ 8ರಂದು, ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ತೆರೆಯಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಶಾಲೆಯ ಬಾಗಿಲು ಹಾಕಿದ್ದ ಆ ತಿಂಗಳುಗಳಲ್ಲೇ ಇವೆಲ್ಲ ನಡೆದವು ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಮಾತನಾಡಿಸಿದ, ಶಿಕ್ಷಣದ ಸ್ಥಿತಿ ಅಳೆಯುವ ಅಸರ್ 2024 ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಮಕ್ಕಳಲ್ಲಿ ಶೇ 57ರಷ್ಟು ಮಂದಿ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದ್ದರು. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ಮೈಸೂರು ಸೀಮೆ ಹೊಸ ಮಾಧ್ಯಮಕ್ಕೆ ಎಂದೂ ಬೆನ್ನು ಹಾಕಿದ್ದಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದರು. ಆದರೆ ಬಾನುಲಿಗೆ ಪ್ರಸಾರ ಮುಗಿಯುವ ಹೊತ್ತೊಂದಿತ್ತು. ರೀಲ್ಸ್‌ಗೆ ಅದಿಲ್ಲ, ಒಂದು ಮುಗಿಯುವಷ್ಟರಲ್ಲಿ, ನೋಡುವವರ ರುಚಿ ಅಳೆದು ಇನ್ನೊಂದು ಸಿದ್ಧವಾಗಿರುತ್ತದೆ. ಅರ್ಥವಾಗದ ಸಾಲನ್ನು ಮತ್ತೆ ಮತ್ತೆ ಓದುವ ತಾಳ್ಮೆ ಇದರಿಂದ ಸವೆಯುತ್ತದೆ. ನಿದ್ದೆಯೂ ಹೋಗುತ್ತದೆ, ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು.

2014ರಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಇಂಥ ಗೀಳಿಗೆಂದು ಚಿಕಿತ್ಸಾಲಯ ತೆರೆದಿತ್ತು. ಕಾನೂನು ಬಂದದ್ದು ತಡವಾಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಅಕ್ಕನ ಮನೆಯಲ್ಲಿ ಇನ್‌ಸ್ಟಾಗ್ರಾಮ್ ಖಾತೆ ಇರುವುದೇ ಅಕ್ಕನ ಹೆಸರಿನಲ್ಲಿ. ತೆರೆದವಳು ಮಗಳು; ಒಟಿಪಿ ಬಂದದ್ದು ಅವಳ ಕೈಯಲ್ಲಿದ್ದ ಅದೇ ಮೊಬೈಲಿಗೆ.