ಒಂದು ಲಕ್ಷ ಹ್ಯಾಂಡ್ ಆಡಿದರೂ ಗೊತ್ತಾಗದ ವಿಷಯ

ಹಾಸನದಲ್ಲಿ ನಾನು ಪಾಠ ಮಾಡುವುದು ಸಂಖ್ಯಾಶಾಸ್ತ್ರ. ಯುಗಾದಿ ಬಂತು ಅಂದ್ರೆ ಅಂದರ್ ಬಾಹರ್‌ಗೆ ಕೂರುವ ಊರುಗಳು ನಮ್ಮ ಸುತ್ತ ಬೇಕಾದಷ್ಟಿವೆ. ಹಾಗಾಗಿ ಇಸ್ಪೀಟು ಎಲೆ ಇಲ್ಲಿನ ಹುಡುಗರಿಗೆ ಹೊಸದಲ್ಲ. ಆದರೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದ ಹಳೆಯ ವಿದ್ಯಾರ್ಥಿಗಳು ರಜೆಗೆ ಬಂದಾಗ ತರುವ ಪ್ರಶ್ನೆ ಬೇರೆಯದೇ. ಆನ್‌ಲೈನ್ ಪೋಕರ್ ಕ್ಯಾಶ್ ಗೇಮ್ (ನೇರ ದುಡ್ಡಿಟ್ಟು ಆಡುವ ಇಸ್ಪೀಟಾಟ) ಆಡಿದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತೆಗೆದು ತೋರಿಸುತ್ತಿದ್ದರು. "ಸರ್, ಆರು ತಿಂಗಳಿಂದ ಗೆಲ್ತಾನೇ ಇದ್ದೀನಿ. ದೊಡ್ಡ ಟೇಬಲ್‌ಗೆ ಹೋಗ್ಬಹುದಾ?"

ಮೊದಲು ಕಾನೂನಿನ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅದರಲ್ಲಿಲ್ಲ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ವಿಪಿಎನ್ ಹಾಕಿಕೊಂಡು ಹೊರದೇಶದ ಸೈಟಿಗೆ ಹೋಗುವ ಯೋಚನೆ ದಯವಿಟ್ಟು ಬೇಡ. ಅಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳ್ತೀರಿ?

ಟೇಬಲ್ ಮುಚ್ಚಿದ ಮೇಲೆ ಇದನ್ನೆಲ್ಲ ಯಾಕೆ ಬರೆಯಬೇಕು ಅಂದರೆ, ಆ ಪ್ರಶ್ನೆ ಮುಚ್ಚಿಲ್ಲ. ಅದೇ ಹುಡುಗರು ಈಗ ಷೇರುಪೇಟೆಯ ಆಪ್ಷನ್ ಟ್ರೇಡಿಂಗ್ ಲೆಕ್ಕ ತೋರಿಸಿ ಅದನ್ನೇ ಕೇಳುತ್ತಾರೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡರು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಹೇಳಿದೆ. ಆರು ತಿಂಗಳ ಗೆಲುವು ಕಂಡ ಹುಡುಗ ತಾನು ಉಳಿದ ಏಳು ಮಂದಿಯಲ್ಲಿ ಒಬ್ಬ ಅಂತಲೇ ನಂಬಿರುತ್ತಾನೆ.

ಒಳ್ಳೆಯ ಆಟಗಾರ ಯೋಚಿಸುವ ರೀತಿ ಮಾತ್ರ ನಿಜಕ್ಕೂ ಚೆಂದ. ಅದನ್ನು ಕ್ಲಾಸಿನಲ್ಲಿ ನಾನು ಖುಷಿಯಿಂದಲೇ ತೋರಿಸುತ್ತೇನೆ. ಒಂದು ಹ್ಯಾಂಡ್, ಅಂದರೆ ಆಟದ ಒಂದು ಸುತ್ತು, ತಗೊಳ್ಳಿ. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ನೆಲದ ಮೇಲಿನದು ಎಲ್ಲರಿಗೂ ಸೇರಿದ್ದು. ನೆಲದ ಮೇಲೆ ಐದು ಎಲೆ: ಇಸ್ಪೀಟ್ ರಾಜ, ಇಸ್ಪೀಟ್ 9, ಡೈಮನ್ 4, ಕಳಾವರ್ 7, ಕೊನೆಗೆ ಆಟೀನ್ 2. ನಿಮ್ಮ ಕೈಯಲ್ಲಿ ಒಂದು ಎಕ್ಕ, ಜೊತೆಗೆ ಡೈಮನ್ ರಾಜ. ಪಾಟ್‌ನಲ್ಲಿ, ಅಂದರೆ ನಡುವೆ ಕೂಡಿದ ದುಡ್ಡಿನಲ್ಲಿ, 20,000 ಇದೆ. ಎದುರಿನವನು ಇನ್ನೊಂದು 20,000 ಬೆಟ್ ಮಾಡಿದ. ನೀವು 20,000 ಹಾಕಿದರೆ ಸಿಗಬಹುದಾದದ್ದು 40,000. ಅಂದರೆ ಮೂರು ಸಲದಲ್ಲಿ ಒಂದು ಸಲ ಅವನು ಬ್ಲಫ್ (ಎಲೆ ಇಲ್ಲದೆ ಹೆದರಿಸುವ ಬೆಟ್) ಮಾಡುತ್ತಿದ್ದರೆ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಜಾಸ್ತಿ ಬ್ಲಫ್ ಇದ್ದರೆ ಕಾಲ್ (ದುಡ್ಡು ಹಾಕಿ ನೋಡುವುದು), ಕಮ್ಮಿ ಇದ್ದರೆ ಫೋಲ್ಡ್ (ಎಲೆ ಬಿಡುವುದು).

ಈಗ ಎಣಿಸಬೇಕು. ಲೆಕ್ಕ ಸರಳವಾಗಿರಲಿ ಅಂತ ಮುಖ್ಯವಾದವನ್ನಷ್ಟೇ ಹಿಡಿಯೋಣ. ಅವನ ಹತ್ತಿರ ನಿಜವಾಗಿ ಬಲವಾದ ಎಲೆ ಯಾವುದಿರಬಹುದು? ಜೋಡಿ 9 ಮೂರು ರೀತಿ (ಒಂದು 9 ನೆಲದ ಮೇಲಿದೆ, ಉಳಿದ ಮೂರರಲ್ಲಿ ಎರಡು), ಜೋಡಿ 7 ಮೂರು ರೀತಿ, ಜೋಡಿ 4 ಮೂರು ರೀತಿ, ಒಂದೇ ಬಣ್ಣದ ರಾಜ-9 ಎರಡು ರೀತಿ (ಎರಡೂ ಆಟೀನ್ ಅಥವಾ ಎರಡೂ ಕಳಾವರ್). ಒಟ್ಟು 11. ಇನ್ನು ಬ್ಲಫ್. ಮೊದಲ ಮೂರು ಎಲೆಯಲ್ಲಿ ಎರಡು ಇಸ್ಪೀಟ್ ಬಿದ್ದಿತ್ತಲ್ಲ, ಫ್ಲಶ್ (ಒಂದೇ ಬಣ್ಣದ ಐದು ಎಲೆ) ಆಗುತ್ತದೆ ಅಂತ ಕಾದು ಕೈ ಖಾಲಿಯಾಗಿ ಉಳಿದವನು ಹೆದರಿಸಲು ನೋಡುತ್ತಾನೆ. ಎಕ್ಕ ಇಲ್ಲದ ಅಂಥ ಇಸ್ಪೀಟ್ ಜೋಡಿಗಳು ರಾಣಿ-ಗುಲಾಮ, ರಾಣಿ-10, ಗುಲಾಮ-10, 10-8, 6-5. ಅಲ್ಲಿಗೆ ಐದು. ಇಸ್ಪೀಟ್ ಎಕ್ಕದ ಜೊತೆ ರಾಣಿ, ಗುಲಾಮ, 10, 8, 6, 5, 3. ಅವು ಏಳು.

ನಿಮ್ಮ ಕೈಲಿರುವುದು ಆಟೀನ್ ಎಕ್ಕ ಆದರೆ ಆ ಹನ್ನೆರಡೂ ಬ್ಲಫ್ ಅವನಿಗೆ ಸಾಧ್ಯ. 23ರಲ್ಲಿ 12. ಕಣ್ಣು ಮುಚ್ಚಿ ಕಾಲ್ ಮಾಡಬಹುದು. ಅದೇ ಇಸ್ಪೀಟ್ ಎಕ್ಕ ನಿಮ್ಮ ಹತ್ತಿರವೇ ಇದ್ದರೆ ಅವನ ಹತ್ತಿರ ಇರಲಾರದು, ಏಳು ಜೋಡಿ ಒಟ್ಟಿಗೇ ಹೊರಗೆ. ಉಳಿದದ್ದು 16ರಲ್ಲಿ 5, ಅಂದರೆ 31%. ಬೇಕಾದ 33%ಗೆ ಅದು ಸಾಲದು. ಹಾಗಾದರೆ ಫೋಲ್ಡ್.

ನಿಮ್ಮ ಕೈಯ ಬಲ ಎರಡೂ ಸಲ ಒಂದೇ. ಎಕ್ಕದ ಬಣ್ಣ ಬದಲಾಯಿತು, ನಿರ್ಧಾರವೇ ತಿರುಗಿಬಿತ್ತು. ಮೊದಲ ಸಲ ಇದನ್ನು ಬೋರ್ಡ್ ಮೇಲೆ ಬಿಡಿಸಿದಾಗ ಕ್ಲಾಸ್ ಗಪ್‌ಚಿಪ್ ಆಗುತ್ತದೆ. ನನ್ನ ಎಲೆ ಎಷ್ಟು ಒಳ್ಳೆಯದು ಎಂಬ ಪ್ರಶ್ನೆ ಬಿಟ್ಟು, ಅವನ ಹತ್ತಿರ ಏನೇನು ಇರಲು ಸಾಧ್ಯ ಎಂಬ ಪ್ರಶ್ನೆಗೆ ಬರುವುದೇ ದೊಡ್ಡ ಆಟದ ಬಾಗಿಲು. ಎದುರಿನವನು ಆ ಹನ್ನೆರಡರಲ್ಲಿ ಅರ್ಧದಷ್ಟನ್ನೇ ಬ್ಲಫ್ ಮಾಡುವ ಅಂಜುಬುರುಕ ಅಂತ ಗೊತ್ತಿದ್ದರೆ ಲೆಕ್ಕ ಮತ್ತೆ ಹೊಸದಾಗಿ ಹಾಕಬೇಕು. 17ರಲ್ಲಿ 6, ಕಾಲ್ ಈಗ ಅಂಚಿನಲ್ಲಿ ನಿಂತಿದೆ.

ಕ್ಯಾಶ್ ಗೇಮ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಟೂರ್ನಮೆಂಟ್‌ನ ಹಾಗಲ್ಲ, ಇಲ್ಲಿ ಬೇಕಾದಾಗ ಎದ್ದು ಹೋಗಬಹುದು. ಯಾವ ಟೇಬಲ್, ಯಾರ ಎಡಕ್ಕೆ ಕೂರಬೇಕು, ಯಾವಾಗ ಏಳಬೇಕು ಅನ್ನುವುದೂ ತಂತ್ರವೇ.

ಈಗ ಆ ಆರು ತಿಂಗಳ ಗೆಲುವಿಗೆ ಬರೋಣ. ಇಷ್ಟೆಲ್ಲ ಸರಿಯಾಗಿ ಆಡುವವನೊಬ್ಬ 100 ಹ್ಯಾಂಡ್‌ಗೆ ಸರಾಸರಿ 3 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಹಾಕಬೇಕಾದ ಕಡ್ಡಾಯ ಬೆಟ್; ಗೆಲುವು-ಸೋಲು ಅಳೆಯುವುದು ಇದರಲ್ಲೇ) ಗೆಲ್ಲುತ್ತಾನೆ ಅಂದುಕೊಳ್ಳಿ. ಆರು ಜನರ ಟೇಬಲ್‌ನಲ್ಲಿ 100 ಹ್ಯಾಂಡ್‌ಗೆ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 90 ಬ್ಲೈಂಡ್ ಇರುತ್ತದೆ. ಹತ್ತು ಸಾವಿರ ಹ್ಯಾಂಡ್ ಆದ ಮೇಲೆ ಅವನ ನಿರೀಕ್ಷೆಯ ಲಾಭ 300 ಬ್ಲೈಂಡ್, ಏರಿಳಿತ 900. ಅಂಥ ನೂರು ಒಳ್ಳೆಯ ಆಟಗಾರರಲ್ಲಿ 37 ಮಂದಿ ಆಗಲೂ ನಷ್ಟದಲ್ಲೇ ಇರುತ್ತಾರೆ. ಒಂದು ಲಕ್ಷ ಹ್ಯಾಂಡ್ ಆಡಿದರೂ ಏಳರಲ್ಲಿ ಒಬ್ಬ ನಷ್ಟದಲ್ಲಿ. ಇದನ್ನೇ ತಿರುಗಿಸಿ ನೋಡಿ: ನಿಜಕ್ಕೂ ಸೋಲಬೇಕಾದವರಲ್ಲಿ ಎಷ್ಟೋ ಮಂದಿ ಅಷ್ಟು ದಿನವೂ ಗೆಲ್ಲುತ್ತಲೇ ಇರುತ್ತಾರೆ.

ದೊಡ್ಡ ಟೇಬಲ್‌ನಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಕೂತವರೆಲ್ಲ ಲೆಕ್ಕ ಬಲ್ಲವರು. ನಿಮ್ಮ 3 ಬ್ಲೈಂಡ್ 1 ಆಗುತ್ತದೆ, ಏರಿಳಿತ ಮಾತ್ರ ಹಾಗೇ ಇರುತ್ತದೆ. ಆಗ ಒಂದು ಲಕ್ಷ ಹ್ಯಾಂಡ್ ಮುಗಿದರೂ ನೂರಕ್ಕೆ 36 ಸಲ ಕೈ ಸುಟ್ಟುಕೊಂಡೇ ಇರುತ್ತೀರಿ. ಬಿಗ್ ಬ್ಲೈಂಡ್ 1,000 ರೂಪಾಯಿ ಆದರೆ ಹತ್ತು ಸಾವಿರ ಹ್ಯಾಂಡ್‌ನ ಆ 900 ಬ್ಲೈಂಡ್ ಏರಿಳಿತ ಅಂದರೆ 9 ಲಕ್ಷ. ಇದರ ಮೇಲೆ ತೆರಿಗೆ. 2023ರ ಏಪ್ರಿಲ್‌ನಿಂದ ವರ್ಷದ ನಿವ್ವಳ ಗೆಲುವಿಗೆ 30% ತೆರಿಗೆ ಬಂತು. ಸೋತ ವರ್ಷದ ನಷ್ಟವನ್ನು ಮುಂದಕ್ಕೆ ಒಯ್ಯುವಂತಿಲ್ಲ. ಸಣ್ಣ ಮೇಲುಗೈ ಇದ್ದವನಿಗೆ ಅದೊಂದೇ ಸಾಕು ಲೆಕ್ಕ ಕೆಡಲು.

ಇದು ಬರೀ ಮೇಷ್ಟರ ಭಯ ಅಲ್ಲ. 2015ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ಲಾಡಿಕೊ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 80,000 ಹ್ಯಾಂಡ್ ಆಡಿತು. ಮನುಷ್ಯರು ಏಳು ಲಕ್ಷಕ್ಕೂ ಹೆಚ್ಚು ಚಿಪ್ ಮುಂದಿದ್ದರು. ಆದರೂ ಅಂಕಿಅಂಶದ ಲೆಕ್ಕದಲ್ಲಿ ಇದನ್ನು ಗೆಲುವು ಅನ್ನಲಾಗದು ಎಂದರು ಸಂಶೋಧಕರು. 2017ರಲ್ಲಿ ಅದೇ ವಿಶ್ವವಿದ್ಯಾಲಯದ ಇನ್ನೊಂದು ಪ್ರೋಗ್ರಾಂ ಲಿಬ್ರಾಟಸ್ ಬಂದಾಗ 20 ದಿನ 1,20,000 ಹ್ಯಾಂಡ್ ಆಡಿಸಿದರು. ಮೊದಲ ಸಲದಂತೆಯೇ ಒಂದು ಕೋಣೆಯಲ್ಲಿ ಮನುಷ್ಯನಿಗೆ ಬಂದ ಎಲೆ ಇನ್ನೊಂದು ಕೋಣೆಯಲ್ಲಿ ಯಂತ್ರಕ್ಕೆ ಬರುವಂತೆ ಹಂಚಿ, ಅದೃಷ್ಟವನ್ನು ಆದಷ್ಟು ಕಳೆದುಹಾಕಿದರು. ಆಮೇಲೇ ಯಂತ್ರ ಗೆದ್ದಿತು ಅಂತ ಹೇಳುವ ಧೈರ್ಯ ಬಂದದ್ದು. ನಮ್ಮ ಹುಡುಗನ ಎಕ್ಸೆಲ್‌ಗೆ ಅಂಥ ಅನುಕೂಲ ಎಲ್ಲಿದೆ?

ನಮ್ಮ ಕಡೆ ಆಲೂಗಡ್ಡೆ ಬೆಳೆಯುವ ಮನೆಯ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಅಂಗಮಾರಿ ರೋಗಕ್ಕೆ ಔಷಧಿ ಹೊಡೆಯದೆ ಬಿಟ್ಟ ವರ್ಷವೂ ಒಮ್ಮೊಮ್ಮೆ ಬೆಳೆ ಕೈಗೆ ಬರುತ್ತದೆ. ಅಷ್ಟಕ್ಕೇ ಹೊಡೆಯದೆ ಬಿಟ್ಟದ್ದು ಸರಿ ಅಂತ ಅಪ್ಪ ಹೇಳುವುದಿಲ್ಲ, ಅಲ್ವಾ?

ಹಾಗಾಗಿ ಲಾಭದ ಗ್ರಾಫ್ ತಂದವರಿಗೆ ನಾನು ಬೇರೆ ಕಾಲಂ ಹಾಕಿಸುತ್ತೇನೆ. ನಿರ್ಧಾರದ ಹೊತ್ತಲ್ಲಿ ಗೆಲುವಿನ ಸಾಧ್ಯತೆ ಎಷ್ಟು ಅಂದುಕೊಂಡೆ, ಯಾಕೆ ಅಂದುಕೊಂಡೆ ಅಂತ ಫಲಿತಾಂಶ ನೋಡುವ ಮೊದಲೇ ಬರೆಯಬೇಕು. 30% ಅಂತ ಬರೆದ ಕಡೆಗಳಲ್ಲೆಲ್ಲ ಸುಮಾರು 30% ಗೆದ್ದಿದ್ದರೆ ಅಂದಾಜು ಗಟ್ಟಿ ಇದೆ. ಟ್ರೇಡಿಂಗ್‌ಗೂ ಇದೇ ಕಾಲಂ.

ಒಂದು ಪರೀಕ್ಷೆ ನೀವೇ ಮನೆಯಲ್ಲಿ ಮಾಡಬಹುದು, ದುಡ್ಡು ಬೇಕಿಲ್ಲ. ಎಕ್ಸೆಲ್‌ನಲ್ಲಿ ಸಾವಿರ ಸಾಲು ತೆಗೆದುಕೊಳ್ಳಿ. ಒಂದೊಂದು ಸಾಲು 100 ಹ್ಯಾಂಡ್. ಪ್ರತಿ ಸಾಲಿನಲ್ಲೂ ಸರಾಸರಿ 3, ಏರಿಳಿತ 90 ಇರುವ ನಾರ್ಮಲ್ ಹಂಚಿಕೆಯ ಒಂದು ರ‍್ಯಾಂಡಮ್ ಸಂಖ್ಯೆ ಬರಲಿ. ಕೆಳಗೆ ಮೊತ್ತ ಹಾಕಿ. ಎಫ್9 ಒತ್ತಿದಾಗಲೆಲ್ಲ ಹೊಸ ಲಕ್ಷ ಹ್ಯಾಂಡ್. ಇಪ್ಪತ್ತು ಸಲ ಒತ್ತಿ, ಮೈನಸ್ ಬಂದದ್ದನ್ನು ಗುರುತು ಹಾಕಿಕೊಳ್ಳಿ. ಆಮೇಲೆ 3 ಇದ್ದಲ್ಲಿ 1 ಹಾಕಿ ಮತ್ತೆ ಇಪ್ಪತ್ತು ಸಲ ಒತ್ತಿ.