ಸ್ಟಾರ್ಟ್ ಆಗದ, ಸೋರುವ ಹಳೆ ಲಾರಿ: ಎಲ್ಲಿಂದ ಹುಡುಕಬೇಕು

ಮಳೆಗಾಲವಿಡೀ ಅಂಗಳದ ಮೂಲೆ ಹಿಡಿದ ಲಾರಿಯನ್ನು ಅಡಿಕೆ ಕೊಯ್ಲಿನ ಹೊತ್ತಿಗೆ ಎಬ್ಬಿಸಲು ಹೋದಾಗ ಎರಡು ದೂರು ಒಟ್ಟಿಗೇ ಬರುತ್ತವೆ. ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಅಡಿಯಲ್ಲಿ ಏನೋ ಸೋರಿದೆ. ಕಲಿಯುವವರು ಇವನ್ನು ಎರಡು ಬೇರೆ ಕೆಲಸ ಎಂದುಕೊಂಡು, ‘ಮೊದಲು ಸ್ಟಾರ್ಟ್ ಮಾಡೋಣ, ಸೋರೋದು ಆಮೇಲೆ ನೋಡೋಣ’ ಎನ್ನುತ್ತಾರೆ. ಆಗಬೇಕಾದ್ದು ಇದರ ತಿರುಗುಮುರುಗು. ಏನು ಸೋರಿದೆ, ಎಲ್ಲಿಂದ ಸೋರಿದೆ ಎಂದು ಗೊತ್ತಾದರೆ ಸ್ಟಾರ್ಟ್ ಆಗದ ಕಾರಣ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಅದನ್ನು ನೋಡದೆ ಸೆಲ್ಫ್ ಹೊಡೆದರೆ ಕೆಲವೊಮ್ಮೆ ಎಂಜಿನ್ನೇ ಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ ಕಂಪ್ಯೂಟರ್ ಇಲ್ಲದ, ಮೆಕ್ಯಾನಿಕಲ್ ಪಂಪಿನ ಹಳೆ ಟಾಟಾ, ಲೇಲ್ಯಾಂಡ್ ಗಾಡಿಗಳಿಗೆ. ಸೆನ್ಸರ್ ಇರುವ ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ, ಅತಿ ಒತ್ತಡದ ಡೀಸೆಲ್ ವ್ಯವಸ್ಥೆಯ) ಗಾಡಿಗೆ, ಅದರಲ್ಲೂ ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂತಿ) ಪೈಪ್ ಸಡಿಲಿಸುವ ಭಾಗವನ್ನು, ಖಂಡಿತ ಬಳಸಬೇಡಿ.

ಕೀಲಿ ಮುಟ್ಟುವ ಮೊದಲು

ಗಾಲಿಗೆ ಮರದ ತುಂಡು ಕೊಡಿ, ಗೇರ್ ನ್ಯೂಟ್ರಲ್ ಮಾಡಿ. ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಗೇಜ್ ಎಳೆದು ನೋಡಿ, ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಿ. ಐದು ನಿಮಿಷದ ಈ ಕೆಲಸ ಉಳಿದ ಅರ್ಧ ದಿನವನ್ನು ಉಳಿಸುತ್ತದೆ.

ರೇಡಿಯೇಟರ್ ನೀರು ಇಳಿದಿದೆ, ನೆಲ ಮಾತ್ರ ಒಣಗಿದೆ ಎಂದರೆ ನೀರು ಒಳಗೆ ಹೋಗಿದೆ ಎಂದು ಅನುಮಾನಿಸಿ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್ ಹಾಳೆ) ಹೋಗಿದ್ದರೆ ಅಥವಾ ಹೆಡ್ ಬಿರುಕು ಬಿಟ್ಟಿದ್ದರೆ, ಗಾಡಿ ನಿಂತ ರಾತ್ರಿ ನೀರು ಮೆಲ್ಲಗೆ ಸಿಲಿಂಡರಿಗೆ ಇಳಿಯುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಟಕ್’ ಎಂದು ಅರ್ಧ ಸುತ್ತಿಗೇ ನಿಲ್ಲುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಬ್ಯಾಟರಿ ಸಾಲದು ಎಂದು ಇನ್ನೊಂದು ಬ್ಯಾಟರಿ ಕೊಟ್ಟು ಹೊಡೆದರೆ, ಅಥವಾ ಇಳಿಜಾರಿನಲ್ಲಿ ದಬ್ಬಿದರೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅನುಮಾನವಿದ್ದರೆ ಬ್ಯಾಟರಿ ಕೇಬಲ್ ಬಿಚ್ಚಿ, ನಾಝಲ್‌ಗಳನ್ನೆಲ್ಲ ತೆಗೆದು, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಯಾವ ತೂತಿನಿಂದ ನೀರು ಬಂತೋ ಆ ಸಿಲಿಂಡರ್ ಕಡೆ ಸಮಸ್ಯೆ. ನಾಝಲ್ ಮತ್ತೆ ಕೂರಿಸುವಾಗ ಕಾಪರ್ ವಾಷರ್ ಹೊಸದೇ ಹಾಕಿ.

ಗೇಜಿನಲ್ಲಿ ಆಯಿಲ್ ಮಟ್ಟ ಏರಿದ್ದರೆ ಸಂತೋಷಪಡಬೇಡಿ. ಬೆರಳಿಗೆ ತೆಳ್ಳಗೆ ಹತ್ತಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪಿನ) ಸೀಲ್ ಅಥವಾ ಡಯಾಫ್ರಂ ಸೋರಿ ಡೀಸೆಲ್ ಎಂಜಿನ್ ಒಳಗೆ ಇಳಿಯುತ್ತಿದೆ. ಹೊರಗೆ ಒಂದು ಹನಿಯೂ ಕಾಣದೆ ಡೀಸೆಲ್ ಖಾಲಿಯಾಗುವ ದಾರಿ ಇದು. ಆ ಆಯಿಲ್ ಇಟ್ಟುಕೊಂಡು ಓಡಿಸಿದರೆ ಬೇರಿಂಗ್ ಹೋಗುತ್ತದೆ. ಕಾರಣ ಸರಿಪಡಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸಿ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಕೆನೆ ಕಂಡರೆ ‘ಹೆಡ್ ಗ್ಯಾಸ್ಕೆಟ್ ಹೋಯ್ತು’ ಎಂದು ತಕ್ಷಣ ತೀರ್ಪು ಕೊಡುವವರಿದ್ದಾರೆ. ಮಲೆನಾಡಿನ ಜುಲೈ ತಿಂಗಳಲ್ಲಿ ಡೇರಿಗೂ ಸೊಸೈಟಿಗೂ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಎಂಜಿನ್ನಿನಲ್ಲಿ ತೇವ ಆರದೆ ಅಷ್ಟು ಕೆನೆ ಕಟ್ಟುವುದು ಸಾಮಾನ್ಯ. ಖಾತ್ರಿ ಮಾಡಿಕೊಳ್ಳಲು ರಾತ್ರಿಯಿಡೀ ನಿಂತ ಗಾಡಿಯ ಚೇಂಬರ್ ಬೋಲ್ಟ್ (ಎಂಜಿನ್ ಅಡಿಯಲ್ಲಿ ಆಯಿಲ್ ಇಳಿಸುವ ಬೋಲ್ಟ್) ಸ್ವಲ್ಪ ಸಡಿಲಿಸಿ. ನೀರು ಭಾರ, ತಳದಲ್ಲಿರುತ್ತದೆ. ಮೊದಲು ನೀರು ಬಂದರೆ ಅನುಮಾನ ನಿಜ.

ನೆಲದ ಕಲೆ

ಮಳೆಯಲ್ಲಿ ನಿಂತ ಲಾರಿಯ ಪ್ರತಿ ಮೂಲೆಯಿಂದಲೂ ನೀರು ತೊಟ್ಟಿಕ್ಕುತ್ತದೆ. ಕೆಂಪು ಕೆಸರು ಹಳೆ ಆಯಿಲನ್ನು ಹಿಡಿದುಕೊಂಡು ಎಲ್ಲಿಂದ ಬಂತು ಎಂಬುದನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಎಂಜಿನ್ನಿನ ಅಡಿ ತೊಳೆದು, ಒಣಗಿಸಿ, ಮಾಡಿನ ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸಿ. ಉಂಬಳದ (ಜಿಗಣೆಯ) ಕಾಲದಲ್ಲಿ ಅಡಿಗೆ ಮಲಗುವವರಿಗೂ ಇದೇ ಅನುಕೂಲ.

ಹಸಿರೋ ಕೆಂಪೋ ಇದ್ದು ಸಿಹಿ ವಾಸನೆಯಿದ್ದರೆ ಕೂಲೆಂಟ್. ವಿಷ, ನಾಯಿ ನೆಕ್ಕದಂತೆ ಒರೆಸಿಬಿಡಿ. ಕಪ್ಪಗಿದ್ದರೆ ಎಂಜಿನ್ ಆಯಿಲ್. ಮಂದವಾಗಿ ಗಂಧಕದ ನಾತ ಹೊಡೆದರೆ ಗೇರ್ ಆಯಿಲ್. ತಿಳಿ ಹಳದಿ, ಪೇಂಟ್ ಸುಲಿಯುವಂಥದ್ದು ಬ್ರೇಕ್ ಆಯಿಲ್. ಅದು ಕಂಡರೆ ಸ್ಟಾರ್ಟ್ ಆದರೂ ಗಾಡಿ ಅಲುಗಿಸಬೇಡಿ, ಹುಲಿಕಲ್ ಘಾಟಿಯ ಮಾತಂತೂ ದೂರ. ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಿಂದ ಹನಿ ಬಿದ್ದರೆ ಮೂಸಿ ನೋಡಿ: ಎಂಜಿನ್ ಆಯಿಲ್ ಆದರೆ ಕ್ರ್ಯಾಂಕಿನ ಹಿಂದಿನ ಸೀಲ್, ಗೇರ್ ಆಯಿಲ್ ಆದರೆ ಗೇರ್ ಬಾಕ್ಸಿನ ಮುಂದಿನ ಸೀಲ್. ಎರಡಕ್ಕೂ ಗೇರ್ ಬಾಕ್ಸ್ ಇಳಿಸಲೇಬೇಕು. ಇಳಿಸಿದಾಗ ಎರಡೂ ಸೀಲ್ ಹಾಕಿ, ಕ್ಲಚ್ ಪ್ಲೇಟ್ ನೋಡಿಬಿಡಿ.

ಸೆಲ್ಫ್ ತಿರುಗುತ್ತಿಲ್ಲ, ಅಥವಾ ನಿಧಾನ

ಗಾಡಿ 12 ವೋಲ್ಟೋ 24 ವೋಲ್ಟೋ ಮೊದಲು ನೋಡಿಕೊಳ್ಳಿ. 24 ಆದರೆ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತವೆ. ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 11.9ಕ್ಕಿಂತ ಕೆಳಗಾದರೆ ಖಾಲಿ. ಒಂದು ಸರಿಯಿದ್ದು ಇನ್ನೊಂದೇ ಸದಾ ಸೋಲುತ್ತಿದ್ದರೆ ಹಾಡಿನ ಸೆಟ್ಟಿನ ವಯರ್ ಎಲ್ಲಿಂದ ಎಳೆದಿದ್ದಾರೆ ನೋಡಿ. 24 ವೋಲ್ಟ್ ಗಾಡಿಯಲ್ಲಿ 12 ವೋಲ್ಟ್ ಸೆಟ್ಟಿಗೆ ಒಂದೇ ಬ್ಯಾಟರಿಯಿಂದ ಕರೆಂಟ್ ಕೊಡುವುದು ನಮ್ಮಲ್ಲಿ ಹಳೆ ಚಾಳಿ. ಅದು ಒಂದನ್ನು ಒಣಗಿಸಿ, ಇನ್ನೊಂದನ್ನು ಅತಿಯಾಗಿ ಚಾರ್ಜ್ ಮಾಡಿಸಿ ಕೊಲ್ಲುತ್ತದೆ.

ಬ್ಯಾಟರಿ ಸರಿಯಿದ್ದೂ ‘ಕಟ್’ ಸದ್ದು ಮಾತ್ರ ಬಂದರೆ ಅರ್ಥ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿದು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಷಾಸಿಗೂ ಎಂಜಿನ್ನಿಗೂ ನಡುವೆ ಆ ಪಟ್ಟಿಯೇ ಗತಿ. ಬಿಚ್ಚಿ, ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಟರ್ಮಿನಲ್ಲಿನ ಬಿಳಿ ಹಿಟ್ಟಿಗೆ ಬಿಸಿನೀರು, ಅಡುಗೆ ಸೋಡಾ ಸಾಕು. ಆ ನೀರು ಸೆಲ್ಲಿನೊಳಗೆ ಹೋಗಬಾರದು.

ಸೋರಿಕೆಯ ಕೊಂಡಿ ಇಲ್ಲಿಯೂ ಇದೆ. ಸೆಲ್ಫ್ ಮೋಟಾರ್ ಮೇಲೆ ಆಯಿಲ್ಲೋ ಡೀಸೆಲ್ಲೋ ಹನಿಯುತ್ತಿದ್ದರೆ ಕಾರ್ಬನ್ ಧೂಳಿನ ಜತೆ ಸೇರಿ ಬ್ರಷ್ ಅಂಟುತ್ತದೆ. ಡೈನಮೋ ಮೇಲೆ ಹೋಸ್ ಪೈಪಿನ ನೀರು ಬೀಳುತ್ತಿದ್ದರೆ ಚಾರ್ಜಿಂಗ್ ನಿಂತು, ಅಪವಾದ ಮಾತ್ರ ಬ್ಯಾಟರಿಗೆ ಬರುತ್ತದೆ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಎಂಜಿನ್ ಓಡುವಾಗ 13.8ರಿಂದ 14.4, 24 ವೋಲ್ಟ್ ಗಾಡಿಗೆ 27.6ರಿಂದ 28.8 ಬರುತ್ತಿದೆಯೇ ಅಳೆಯಿರಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಈಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ತಲುಪಿಲ್ಲ. ಬಿಳಿ ಹೊಗೆ ಬಂದರೆ ತಲುಪಿದೆ, ಉರಿಯುತ್ತಿಲ್ಲ: ಕಂಪ್ರೆಷನ್, ಟೈಮಿಂಗ್, ನಾಝಲ್, ಇಲ್ಲವೇ ನಿಧಾನವಾಗಿ ತಿರುಗುವ ಸೆಲ್ಫ್. ಇನ್‌ಟೇಕಿಗೆ ಬೆಂಕಿ ಬಟ್ಟೆ ಹಿಡಿದು ಸ್ಟಾರ್ಟ್ ಮಾಡುವುದನ್ನು ಕೆಲವರು ಜಾಣ್ಮೆ ಎಂದುಕೊಂಡಿದ್ದಾರೆ. ತೀರ್ಥಹಳ್ಳಿಯ ಡಿಸೆಂಬರ್ ಚಳಿ ಒಳ್ಳೆ ಕಂಪ್ರೆಷನ್ ಇರುವ ಡೀಸೆಲ್ ಎಂಜಿನ್ನಿಗೆ ಚಳಿಯೇ ಅಲ್ಲ. ದಿನಾ ಬಟ್ಟೆ ಬೇಕಾಗುತ್ತಿದ್ದರೆ ಎಂಜಿನ್ ಕೆಲಸ ಬಾಕಿ ಇದೆ ಎಂದೇ ಅರ್ಥ.

ಹೊಗೆ ಇಲ್ಲದಿದ್ದರೆ ಎಲ್ಲಕ್ಕಿಂತ ಮೊದಲು ನಾಝಲ್‌ಗಳಿಗೆ ಡೀಸೆಲ್ ಒತ್ತುವ ಮುಖ್ಯ ಪಂಪಿನ ಸ್ಟಾಪ್ ಲಿವರ್ ನೋಡಿ. ಕೇಬಲ್ ತುಕ್ಕು ಹಿಡಿದು ‘ಬಂದ್’ ಸ್ಥಾನದಲ್ಲೇ ಸಿಕ್ಕಿಕೊಂಡಿರುತ್ತದೆ. ಆಮೇಲೆ ಏರ್, ಅಂದರೆ ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ.

ಡೀಸೆಲ್ ದಾರಿಯಲ್ಲಿ ಎರಡು ಭಾಗ ಎಂದು ನೆನಪಿಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆತದ ಭಾಗ, ಅಲ್ಲಿಂದ ಮುಂದೆ ಒತ್ತಡದ ಭಾಗ. ಒತ್ತಡದ ಕಡೆ ಬಿರುಕಿದ್ದರೆ ಡೀಸೆಲ್ ಹೊರಗೆ ಬಂದು ಒದ್ದೆ ಕಾಣುತ್ತದೆ. ಎಳೆತದ ಕಡೆ ಬಿರುಕಿದ್ದರೆ ಎಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆ. ಹೊರಗೆ ಪೈಪು ಒಣಗಿಯೇ ಇರುತ್ತದೆ. ಆದ್ದರಿಂದ ‘ಎಲ್ಲೂ ಸೋರ್ತಿಲ್ಲ, ಆದ್ರೂ ದಿನಾ ಏರ್ ಹಿಡಿಯುತ್ತೆ’ ಎಂದರೆ ಎಳೆತದ ಕಡೆಯನ್ನೇ ಹುಡುಕಿ: ಹಳೆ ರಬ್ಬರ್ ಹೋಸ್, ಬಾಂಜೋ ಬೋಲ್ಟಿನ (ಪೈಪಿನ ತುದಿ ಹಿಡಿಯುವ ಟೊಳ್ಳು ಬೋಲ್ಟಿನ) ವಾಷರ್, ಟ್ಯಾಂಕಿನೊಳಗಿನ ಎಳೆಯುವ ಪೈಪಿನ ಬಿರುಕು, ಇಲಿ ಕಡಿದ ತೂತು. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಇದು ಹೆಚ್ಚು, ಏಕೆಂದರೆ ಆ ಬಿರುಕಿನಿಂದ ಗಾಳಿ ಸಿಕ್ಕ ಕೂಡಲೇ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಸಮ ನೆಲದಲ್ಲಿ ಸರಿಯಾಗಿ ಸ್ಟಾರ್ಟ್ ಆಗುವ ಗಾಡಿ ಮನೆಯ ಏರುದಾರಿಯಲ್ಲಿ ಮಾತ್ರ ತಕರಾರು ಮಾಡುವ ಗುಟ್ಟು ಇದೇ.

ಪರೀಕ್ಷೆ ಸುಲಭ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಲ್ಲಿ ಬಿಚ್ಚಿ, ಅದರ ಜಾಗಕ್ಕೆ ಪಾರದರ್ಶಕ ಡೀಸೆಲ್ ಹೋಸ್ ಹಾಕಿ, ಇನ್ನೊಂದು ತುದಿಯನ್ನು ಎತ್ತರದಲ್ಲಿ ಕಟ್ಟಿದ ಐದು ಲೀಟರ್ ಕ್ಯಾನಿನ ಶುದ್ಧ ಡೀಸೆಲ್‌ನಲ್ಲಿ ಮುಳುಗಿಸಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಚೆನ್ನಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆ. ಇಲ್ಲೂ ಗುಳ್ಳೆ ಬಂದರೆ, ಇಲ್ಲವೇ ಹಿಡಿಯದಿದ್ದರೆ, ಫೀಡ್ ಪಂಪಿನಿಂದ ಮುಂದೆ ನೋಡಿ.

ಏರ್ ತೆಗೆಯುವ ಕ್ರಮ ಟ್ಯಾಂಕಿನಿಂದ ನಾಝಲ್ ಕಡೆಗೆ, ತಿರುಗಿ ಅಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ, ಬಿಗಿಯಿರಿ. ಎರಡು ಫಿಲ್ಟರ್ ಇದ್ದರೆ ಎರಡಕ್ಕೂ. ನಂತರ ಮುಖ್ಯ ಪಂಪಿನ ಮೇಲಿನ ಸ್ಕ್ರೂ, ಅದೇ ಥರ. ಕೊನೆಗೆ ಎರಡು ಮೂರು ನಾಝಲ್‌ಗಳ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 10ರಿಂದ 15 ಸೆಕೆಂಡ್, ನಡುವೆ ಒಂದೆರಡು ನಿಮಿಷ ಬಿಡುವು. ಇಲ್ಲದಿದ್ದರೆ ಸೆಲ್ಫ್ ಸುಡುತ್ತದೆ. ಚಿಮ್ಮಿ ಬಂದಾಗ ನಟ್ ಬಿಗಿಯಿರಿ. ಆ ಹೊತ್ತಿಗೆ ಕೈ, ಮುಖ ದೂರವಿರಲಿ. ನಾಝಲ್ ತೆರೆಯುವ ಒತ್ತಡ ಸುಮಾರು 200 ಬಾರ್. ಆ ಚಿಮ್ಮು ಚರ್ಮದೊಳಗೆ ನುಗ್ಗಿದರೆ ಹೊರಗೆ ಸಣ್ಣ ಚುಕ್ಕಿಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು.

ಏರ್ ಜತೆಗೆ ನೀರು. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ಮಳೆಗಾಲದ ತೇವ ಹನಿಗಟ್ಟಿ ತಳ ಸೇರುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವಾಗ, ಮುಚ್ಚಳದ ರಬ್ಬರ್ ಹರಿದಿದ್ದರೆ ಹೇಳುವುದೇ ಬೇಡ. ವಾಟರ್ ಸೆಪರೇಟರಿನ ಅಡಿಯಿಂದ ಗಾಜಿನ ಬಾಟಲಿಗೆ ಒಂದಿಷ್ಟು ಹಿಡಿದು ಹದಿನೈದು ನಿಮಿಷ ಬಿಡಿ. ನೀರು ತಳದಲ್ಲಿ ಗೆರೆಯಾಗಿ ನಿಲ್ಲುತ್ತದೆ. ನಿಲ್ಲಿಸುವ ಗಾಡಿಯ ಟ್ಯಾಂಕ್ ತುಂಬಿಸಿಡುವುದೇ ಇದಕ್ಕೆ ಮದ್ದು. ಸ್ಟಾರ್ಟ್ ಆಗಿ ಅರ್ಧ ಗಂಟೆ ಓಡಿ ನಿಲ್ಲುವ ಗಾಡಿಯಲ್ಲಿ ಮುಚ್ಚಳ ತೆರೆದಾಗ ‘ಸುಯ್’ ಎಂದರೆ ಟ್ಯಾಂಕಿನ ಉಸಿರು ತೂತು ಕಟ್ಟಿದೆ.

ಸೋರಿಕೆ ನಿಲ್ಲಿಸುವಾಗ

ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿಯುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಅದಕ್ಕೆ ಎಂ-ಸೀಲ್ ಮೆತ್ತಿದ ಪಂಪುಗಳು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದರೆ ಕಣ್ಣಿಗೆ ಬೀಳುತ್ತವೆ. ತೂತು ಮುಚ್ಚಿದರೆ ನೀರು ಬೇರಿಂಗಿಗೆ ಹೋಗಿ, ಬೇರಿಂಗ್ ಒಡೆದು, ಫ್ಯಾನ್ ರೇಡಿಯೇಟರಿಗೆ ಬಡಿಯುತ್ತದೆ. ಪಂಪ್ ಬದಲಿಸಿ, ಇಲ್ಲವೇ ಕಿಟ್ ಹಾಕಿ.

ಹೆಡ್ ಗ್ಯಾಸ್ಕೆಟ್ ಪರೀಕ್ಷೆಗೆ ತಣ್ಣನೆ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನೀರು ಬಿಸಿಯಾಗುವ ಮೊದಲೇ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಕಂಪ್ರೆಷನ್ ನೀರಿಗೆ ನುಗ್ಗುತ್ತಿದೆ. ಘಾಟಿ ಹತ್ತುವಾಗ ಮಾತ್ರ ನೀರು ಉಗುಳುವ ಗಾಡಿಯಲ್ಲಿ ಮೊದಲು ರೇಡಿಯೇಟರ್ ಮುಚ್ಚಳ ಬದಲಿಸಿ ನೋಡಿ: ಅದು ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ. ಬಾವಿ ನೀರು, ತೋಡಿನ ನೀರು ಸುರಿಯುತ್ತಲೇ ಬಂದಿದ್ದರೆ ಒಳಗೆ ತುಕ್ಕು ಕಟ್ಟಿ ಕೋರ್ ಪ್ಲಗ್ (ಬ್ಲಾಕಿನ ನೀರಿನ ತೂತು ಮುಚ್ಚುವ ತಗಡಿನ ಬಿರಡೆ) ತೂತಾಗುತ್ತದೆ. ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ.

ಆಯಿಲ್ ಮೂರು ನಾಲ್ಕು ಕಡೆ ಒಟ್ಟಿಗೇ ಸೋರುತ್ತಿದ್ದರೆ ಸೀಲ್ ಕೊಳ್ಳಲು ಓಡಬೇಡಿ, ಬ್ರೀದರ್ ಪೈಪ್ (ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಪೈಪ್) ಬಿಚ್ಚಿ. ಕಣಜದ ಗೂಡು, ಕೆಸರು ತುಂಬಿ ಅದು ಕಟ್ಟಿದ್ದರೆ ಚೇಂಬರಿನ ಒತ್ತಡ ಹೊಸ ಸೀಲನ್ನೂ ತಳ್ಳುತ್ತದೆ. ಬ್ರೀದರ್ ತೆರೆದಿದ್ದೂ ಆಯಿಲ್ ಮುಚ್ಚಳದಿಂದ ಭಸ್ ಭಸ್ ಎಂದು ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. ಅಂಥ ಎಂಜಿನ್ನಿಗೆ ಸೀಲ್ ಹಾಕಿದ ದುಡ್ಡು ದಂಡ. ಕಂಪ್ರೆಷನ್ ಅಳೆಸಿ, ಬೋರಿಗೆ (ಸವೆದ ಸಿಲಿಂಡರ್ ಕೊರೆಸಲು) ಕೊಡಬೇಕೋ ಬೇಡವೋ ಮಾಲೀಕರ ಜತೆ ಕೂತು ತೀರ್ಮಾನಿಸಿ.