ಏಡಿಯ ಜೊತೆ ಶುಂಠಿಯೇಕೆ? ಚೀನೀ ವೈದ್ಯದಲ್ಲಿ ದೇಹಪ್ರಕೃತಿ ಮತ್ತು ಊಟ

ಚೀನಾದ ಸೂಜೌ ನಗರದ ಸಮೀಪ ಯಾಂಗ್‌ಚೆಂಗ್ ಎಂಬ ಸರೋವರವಿದೆ. ಶರತ್ಕಾಲದಲ್ಲಿ ಅಲ್ಲಿ ಸಿಗುವ ಏಡಿಗೆ ಇಡೀ ದೇಶದಲ್ಲಿ ಹೆಸರು. ಕೊಂಡಿಗಳ ಮೇಲೆ ತುಪ್ಪಳದಂಥ ದಟ್ಟ ರೋಮವಿರುವ ಈ ಏಡಿಯನ್ನು ದಾರದಿಂದ ಬಿಗಿದು ಇಡಿಯಾಗಿ ಹಬೆಯಲ್ಲಿ ಬೇಯಿಸುತ್ತಾರೆ. ಬಡಿಸುವಾಗ ಪಕ್ಕದ ಪುಟ್ಟ ಬಟ್ಟಲಿನಲ್ಲಿ ವಿನೆಗರ್ ಇರುತ್ತದೆ, ಅದರಲ್ಲಿ ಸಣ್ಣಗೆ ಹೆಚ್ಚಿದ ಹಸಿಶುಂಠಿ ತೇಲುತ್ತಿರುತ್ತದೆ. ಜೊತೆಗೆ ಅಕ್ಕಿಯಿಂದ ತಯಾರಾದ ಹಳದಿ ಮದ್ಯವನ್ನು ಬೆಚ್ಚಗೆ ಮಾಡಿ ಕೊಡುತ್ತಾರೆ. ಇದನ್ನೆಲ್ಲ ಬರಿಯ ರುಚಿಗಾಗಿ ಮಾಡುವುದಿಲ್ಲ. ಚೀನೀ ಪರಂಪರೆಯ ಪ್ರಕಾರ ಏಡಿ ‘ಶೀತ’ ಗುಣದ ಪದಾರ್ಥ, ಶುಂಠಿ ಮತ್ತು ಮದ್ಯ ಅದರ ಶೀತವನ್ನು ಮುರಿಯುವ ‘ಬೆಚ್ಚನೆಯ’ ಪದಾರ್ಥಗಳು. ಹೊಟ್ಟೆ ಸೂಕ್ಷ್ಮವಾಗಿರುವವರು, ಕೈಕಾಲು ಸದಾ ತಣ್ಣಗಿರುವವರು ಏಡಿಯನ್ನು ಹೆಚ್ಚು ತಿನ್ನಬಾರದೆಂದು ಮನೆಯ ಹಿರಿಯರು ಎಚ್ಚರಿಸುತ್ತಾರೆ. ಒಂದೇ ಏಡಿ ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಒಗ್ಗುವುದಿಲ್ಲ ಎಂಬುದು ಈ ಎಚ್ಚರಿಕೆಯ ತಿರುಳು.

ಕನ್ನಡದ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಬಾಯಿಹುಣ್ಣಾದರೆ ‘ಉಷ್ಣವಾಗಿದೆ’ ಎನ್ನುವವರು ನಾವು. ಚೀನೀಯರು ಹೆಚ್ಚುಕಡಿಮೆ ಇದೇ ಅರ್ಥದಲ್ಲಿ ‘ಶಾಂಗ್‌ಹುವೊ’, ಅಂದರೆ ಒಳಗಿನ ಬೆಂಕಿ ಮೇಲೇರಿದೆ ಎನ್ನುತ್ತಾರೆ. ಬಾಯಿಹುಣ್ಣು, ಗಂಟಲುನೋವು, ಮೊಡವೆ, ಮಲಬದ್ಧತೆ ಇವೆಲ್ಲವೂ ಆ ಬೆಂಕಿಯ ಗುರುತುಗಳು. ಅದನ್ನು ಇಳಿಸಲು ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಕಡೆಯ ಬೀದಿಗಳಲ್ಲಿ ಸೋರೆಬುರುಡೆಯಾಕಾರದ ದೊಡ್ಡ ಹಿತ್ತಾಳೆ ಹಂಡೆಗಳನ್ನಿಟ್ಟುಕೊಂಡು ಕಹಿ ಕಷಾಯವನ್ನು ಬಟ್ಟಲುಗಳಲ್ಲಿ ಮಾರುವ ಅಂಗಡಿಗಳಿವೆ. ‘ತಂಪು ಚಹಾ’ ಎಂದು ಕರೆಸಿಕೊಳ್ಳುವ ಈ ಪಾನೀಯದಲ್ಲಿ ಸಾಮಾನ್ಯವಾಗಿ ಚಹಾ ಎಲೆಯೇ ಇರುವುದಿಲ್ಲ, ಮತ್ತು ಅದನ್ನು ಕುಡಿಯುವುದು ಹೆಚ್ಚಾಗಿ ಬಿಸಿಯಾಗಿಯೇ. ತಂಪು ಎನ್ನುವುದು ಇಲ್ಲಿ ಪಾತ್ರೆಯ ಉಷ್ಣತೆಯನ್ನಲ್ಲ, ಮೈಯ ಮೇಲಾಗುವ ಪರಿಣಾಮವನ್ನು ಸೂಚಿಸುತ್ತದೆ. 2006ರಲ್ಲಿ ಚೀನಾ ಸರ್ಕಾರ ಇದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಚಿಂತನೆಯ ಬೇರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ‘ಹುವಾಂಗ್‌ದಿ ನೇಯ್‌ಜಿಂಗ್’ ಎಂಬ ಗ್ರಂಥದಲ್ಲಿದೆ. ಹುಳಿ ಯಕೃತ್ತಿಗೆ, ಕಹಿ ಹೃದಯಕ್ಕೆ, ಸಿಹಿ ಗುಲ್ಮಕ್ಕೆ, ಖಾರ ಶ್ವಾಸಕೋಶಕ್ಕೆ, ಉಪ್ಪು ಮೂತ್ರಪಿಂಡಕ್ಕೆ ಎಂದು ಐದು ರುಚಿಗಳನ್ನು ಐದು ಅಂಗಗಳಿಗೆ ಜೋಡಿಸಿದ ಆ ಗ್ರಂಥ, ಒಂದು ಅಧ್ಯಾಯದಲ್ಲಿ ಮನುಷ್ಯರನ್ನು ಮೈಬಣ್ಣ, ಮೈಕಟ್ಟು, ಸ್ವಭಾವಗಳ ಆಧಾರದಲ್ಲಿ ಇಪ್ಪತ್ತೈದು ಬಗೆಗಳಾಗಿ ವಿಂಗಡಿಸುತ್ತದೆ. ಏಳನೆಯ ಶತಮಾನದ ತಾಂಗ್ ಕಾಲದ ವೈದ್ಯ ಸುನ್ ಸಿಮಿಯಾವೊ, ರೋಗದ ಮೂಲವನ್ನು ತಿಳಿದ ವೈದ್ಯನು ಮೊದಲು ಆಹಾರದಿಂದ ಗುಣಪಡಿಸಲು ಯತ್ನಿಸಬೇಕು, ಆಹಾರ ಸೋತಾಗ ಮಾತ್ರ ಔಷಧಕ್ಕೆ ಕೈಹಾಕಬೇಕು ಎಂದ. 1330ರಲ್ಲಿ ಮಂಗೋಲ್ ಅರಮನೆಯ ಆಹಾರವೈದ್ಯ ಹು ಸಿಹುಯಿ ಚಕ್ರವರ್ತಿಗಾಗಿ ಪಥ್ಯಾಹಾರದ ಪುಸ್ತಕವನ್ನೇ ಬರೆದುಕೊಟ್ಟ.

ಆದರೆ ಇಂದು ಚೀನಾದ ಆಸ್ಪತ್ರೆಗಳಲ್ಲಿ ‘ನಿಮ್ಮ ಪ್ರಕೃತಿ ಯಾವುದು’ ಎಂದು ಕೇಳುವ ಪದ್ಧತಿ ಅಷ್ಟು ಹಳೆಯದಲ್ಲ. ಬೀಜಿಂಗ್‌ನ ಚೀನೀ ವೈದ್ಯ ವಿಶ್ವವಿದ್ಯಾಲಯದ ವಾಂಗ್ ಛಿ ಎಂಬ ವೈದ್ಯರು 1970ರ ದಶಕದ ಕೊನೆಯಿಂದ ಕೆಲಸ ಮಾಡುತ್ತ, ಚೆದುರಿಹೋಗಿದ್ದ ಹಳೆಯ ವಿವರಗಳನ್ನು ಒಂಬತ್ತು ಪ್ರಕೃತಿಗಳಿಗೆ ಇಳಿಸಿದರು. 2009ರಲ್ಲಿ ಅಲ್ಲಿನ ಚೀನೀ ವೈದ್ಯ ಸಂಘ ಅದನ್ನು ಮಾನದಂಡವಾಗಿ ಪ್ರಕಟಿಸಿತು. ಸಮತೋಲನದ ಪ್ರಕೃತಿಯೊಂದನ್ನು ಬಿಟ್ಟರೆ ಉಳಿದ ಎಂಟೂ ಯಾವುದೋ ಒಂದು ಕಡೆಗೆ ವಾಲಿದ ಪ್ರಕೃತಿಗಳು. ‘ಚಿ’ ಎಂಬ ಜೀವಶಕ್ತಿ ಕಡಿಮೆಯಿರುವವರು ಬೇಗ ದಣಿಯುತ್ತಾರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ, ಮತ್ತೆ ಮತ್ತೆ ನೆಗಡಿಗೆ ಸಿಕ್ಕುತ್ತಾರೆ. ಅವರಿಗೆ ಶಾನ್‌ಯಾವೊ ಎಂಬ ಉದ್ದನೆಯ ಬಿಳಿ ಗೆಡ್ಡೆ, ನಮ್ಮ ಎಲಚಿಯ ಸಂಬಂಧಿಯಾದ ಕೆಂಪು ಒಣಹಣ್ಣು, ಕೋಳಿಮಾಂಸ ಹಿತ. ‘ಯಾಂಗ್’ ಎಂಬ ಒಳಗಿನ ಬಿಸುಪು ಕಡಿಮೆಯಾದವರಿಗೆ ಚಳಿ ತಡೆಯದು, ಆದ್ದರಿಂದ ಕುರಿಮಾಂಸ, ಶುಂಠಿ, ಚಕ್ಕೆ. ‘ಯಿನ್’ ಎಂಬ ಒಳಗಿನ ತಂಪು ಮತ್ತು ದ್ರವಾಂಶ ಕಡಿಮೆಯಾದವರ ಅಂಗೈ ಅಂಗಾಲು ಉರಿಯುತ್ತವೆ, ಬಾಯಿ ಒಣಗುತ್ತದೆ, ಆದ್ದರಿಂದ ಪೇರ್ ಹಣ್ಣು, ಬಾತುಕೋಳಿ, ಬೆಂದಾಗ ಲೋಳೆಯಾಗುವ ಬಿಳಿ ಅಣಬೆ. ಕಫ ಮತ್ತು ತೇವ ತುಂಬಿಕೊಂಡವರಿಗೆ ಬೂದುಗುಂಬಳ ಸಲ್ಲುತ್ತದೆ, ಎಣ್ಣೆ ಮತ್ತು ಸಿಹಿ ಸಲ್ಲದು. ತೇವದ ಜೊತೆ ಉಷ್ಣವೂ ಸೇರಿ ಮುಖದಲ್ಲಿ ಜಿಡ್ಡು, ಮೊಡವೆ ಕಾಣಿಸಿದರೆ ಹಾಗಲಕಾಯಿ, ಹೆಸರುಕಾಳು. ರಕ್ತ ಹೆಪ್ಪುಗಟ್ಟಿದ ಪ್ರಕೃತಿ, ಚಿ ಮನಸ್ಸಿನಲ್ಲಿ ಕಟ್ಟಿಕೊಂಡ ಪ್ರಕೃತಿ, ಅಲರ್ಜಿಗೆ ಒಲಿಯುವ ವಿಶೇಷ ಪ್ರಕೃತಿ ಎಂಬವು ಉಳಿದ ಮೂರು. ಒಂಬತ್ತು ಪ್ರಾಂತ್ಯಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ ಸಮತೋಲನದವರು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಬಹಳ ಮಂದಿಯಲ್ಲಿ ಎರಡು ಮೂರು ಪ್ರಕೃತಿಗಳು ಬೆರೆತೇ ಇರುತ್ತವೆ, ಮತ್ತು ಒಣಗಿದ್ದನ್ನು ನೆನೆಸಬೇಕೆನ್ನುವ ಯಿನ್ ಕೊರತೆ, ತೇವವನ್ನು ಒಣಗಿಸಬೇಕೆನ್ನುವ ಕಫ ಒಬ್ಬರಲ್ಲೇ ಕಾಣಿಸಿಕೊಂಡರೆ ಪಥ್ಯ ಹೇಳುವ ವೈದ್ಯರಿಗೆ ನಿಜವಾದ ಇಕ್ಕಟ್ಟು ಎದುರಾಗುತ್ತದೆ.

ಪ್ರಕೃತಿಯನ್ನು ಗುರುತಿಸುವ ಸಾಧನ ಅರವತ್ತು ಪ್ರಶ್ನೆಗಳ ಒಂದು ಪಟ್ಟಿ. ಕಳೆದ ಒಂದು ವರ್ಷದ ಅನುಭವವನ್ನು ನೆನೆದು ಪ್ರತಿ ಪ್ರಶ್ನೆಗೂ ‘ಇಲ್ಲವೇ ಇಲ್ಲ’ ಎಂಬ ಒಂದರಿಂದ ‘ಯಾವಾಗಲೂ’ ಎಂಬ ಐದರವರೆಗೆ ಅಂಕ ಕೊಡಬೇಕು. ಯಾಂಗ್ ಕೊರತೆಗೆ ಏಳು ಪ್ರಶ್ನೆಗಳಿವೆ. ನಿಮ್ಮ ಕೈಕಾಲು ತಣ್ಣಗಾಗುತ್ತವೆಯೇ, ತಣ್ಣಗಿರುವುದನ್ನು ತಿಂದರೆ ಅಥವಾ ಕುಡಿದರೆ ಸಂಕಟವಾಗುತ್ತದೆಯೇ ಎಂಬಂಥ ಪ್ರಶ್ನೆಗಳು ಅವು. ಏಳಕ್ಕೂ ಕೊಟ್ಟ ಅಂಕಗಳ ಮೊತ್ತದಿಂದ ಏಳನ್ನು ಕಳೆದು, ಇಪ್ಪತ್ತೆಂಟರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವ ಸಂಖ್ಯೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ವ್ಯಕ್ತಿಯದು ಯಾಂಗ್ ಕೊರತೆಯ ಪ್ರಕೃತಿ, 30ರಿಂದ 39ರೊಳಗಿದ್ದರೆ ಅತ್ತ ವಾಲುವ ಒಲವು. ಈಗ ಒಬ್ಬರ ಮೊತ್ತ 18 ಬಂದಿತೆನ್ನೋಣ. ಲೆಕ್ಕ 39ಕ್ಕೆ ನಿಲ್ಲುತ್ತದೆ, ಅಂದರೆ ಒಲವು ಮಾತ್ರ. ಮೊತ್ತ 19 ಆದರೆ ಸುಮಾರು 43, ಅಂದರೆ ಪ್ರಕೃತಿಯೇ ಅದು. ಏಳರಲ್ಲಿ ಒಂದೇ ಒಂದು ಪ್ರಶ್ನೆಗೆ ‘ಕೆಲವೊಮ್ಮೆ’ ಎನ್ನುವ ಬದಲು ‘ಆಗಾಗ’ ಎಂದರೆ ಸಾಕು, ಮನುಷ್ಯನ ಪ್ರಕೃತಿಯೇ ಬದಲಾಗುತ್ತದೆ. ಧಾರವಾಡದ ಡಿಸೆಂಬರಿನಲ್ಲಿ ಉತ್ತರಿಸಿದವರೇ ಮೇ ತಿಂಗಳಿನಲ್ಲಿ ಮತ್ತೆ ಉತ್ತರಿಸಿದರೆ ಈ ಒಂದು ಅಂಕ ಅತ್ತಿತ್ತ ಸರಿಯದೆ ಇದ್ದರೇ ಆಶ್ಚರ್ಯ. ಯಾವ ಪ್ರಶ್ನಾವಳಿಗೂ ಗಡಿಯಲ್ಲಿ ಈ ತೊಂದರೆ ತಪ್ಪಿದ್ದಲ್ಲ. ಆದರೆ ಗಡಿಯ ಆಚೆ ಈಚೆ ಬೇರೆ ಬೇರೆ ಅಡುಗೆಯನ್ನು ವಿಧಿಸುವಾಗ ಅದನ್ನು ಮರೆಯಬಾರದು.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಕಫ-ತೇವ ಪ್ರಕೃತಿಯವರಲ್ಲಿ ಬೊಜ್ಜು ಹೆಚ್ಚೆಂದು ಹಲವು ಅಧ್ಯಯನಗಳು ವರದಿ ಮಾಡಿವೆ, ಮತ್ತು ಪ್ರಕೃತಿವಾದ ವೈಜ್ಞಾನಿಕವೆನ್ನಲು ಇದನ್ನು ಸಾಕ್ಷಿಯಾಗಿ ಮುಂದಿಡುವುದುಂಟು. ಆದರೆ ಆ ಪ್ರಕೃತಿಯನ್ನು ಗುರುತಿಸುವ ಪ್ರಶ್ನೆಗಳಲ್ಲೇ ‘ನಿಮ್ಮ ಹೊಟ್ಟೆ ದಪ್ಪಗೆ ಮೆತ್ತಗಿದೆಯೇ’ ಎಂಬುದೂ ಒಂದು. ಹೊಟ್ಟೆ ಬಂದವರನ್ನು ಒಂದು ಗುಂಪಿಗೆ ಸೇರಿಸಿ, ಆಮೇಲೆ ಆ ಗುಂಪಿನಲ್ಲಿ ಬೊಜ್ಜು ಹೆಚ್ಚೆಂದು ಕಂಡುಹಿಡಿದರೆ ಹೊಸದೇನೂ ತಿಳಿದಂತಾಗಲಿಲ್ಲ. ಪ್ರಕೃತಿಗೆ ತಕ್ಕ ಊಟ ಮಾಡಿದವರಿಗೆ, ಎಲ್ಲರಿಗೂ ಸಲ್ಲುವ ಸಾಮಾನ್ಯ ಹಿತಾಹಾರ ಉಂಡವರಿಗಿಂತ ಹೆಚ್ಚು ಒಳಿತಾಯಿತೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ, ಮತ್ತು ಅದಕ್ಕೆ ದೊಡ್ಡ ಪ್ರಯೋಗಗಳ ಗಟ್ಟಿ ಉತ್ತರ ಇನ್ನೂ ನಮ್ಮ ಕೈಯಲ್ಲಿಲ್ಲ.

ಹಾಗಾದರೆ ಪದಾರ್ಥಗಳ ಶೀತೋಷ್ಣವೆಲ್ಲ ಬರಿಯ ಕಲ್ಪನೆಯೇ? ನನಗೆ ಹಾಗೆ ಅನಿಸುವುದಿಲ್ಲ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ನರತುದಿಗಳಲ್ಲಿರುವ ಒಂದು ಪ್ರೋಟೀನನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದಾಗ ಎಚ್ಚರಗೊಳ್ಳುವ ಆ ಪ್ರೋಟೀನು ಮೆಣಸಿನಕಾಯಿಯ ಖಾರ ತಗುಲಿದಾಗಲೂ ಹಾಗೆಯೇ ಎಚ್ಚರಗೊಳ್ಳುತ್ತದೆ. ಪುದೀನದ ಮೆಂಥಾಲ್ ಹೀಗೆಯೇ ಚಳಿಯನ್ನು ಗ್ರಹಿಸುವ ಇನ್ನೊಂದು ಪ್ರೋಟೀನನ್ನು ತಟ್ಟುತ್ತದೆ. ಈ ಶೋಧಗಳಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಅಂದರೆ ಖಾರ ತಿಂದಾಗ ಉಷ್ಣವೆನಿಸುವುದು ಬಾಯಿಮಾತಿನ ಅಲಂಕಾರವಲ್ಲ, ನರಮಂಡಲಕ್ಕೆ ತಲುಪುವ ಸುದ್ದಿಯೇ ಅದು. ಚೀನೀ ಗ್ರಂಥಗಳು ಹಸಿಶುಂಠಿಯನ್ನು ‘ತುಸು ಬೆಚ್ಚಗೆ’ ಎಂದೂ ಒಣಶುಂಠಿಯನ್ನು ‘ಬಿಸಿ’ ಎಂದೂ ಪ್ರತ್ಯೇಕಿಸುತ್ತವೆ. ಶುಂಠಿ ಒಣಗುವಾಗ ಅದರಲ್ಲಿರುವ ಜಿಂಜೆರಾಲ್ ನೀರಿನ ಅಣುವೊಂದನ್ನು ಕಳೆದುಕೊಂಡು ಶೋಗಾವೊಲ್ ಆಗಿ ಮಾರ್ಪಡುತ್ತದೆ, ಮತ್ತು ಶೋಗಾವೊಲಿನ ಖಾರ ಜಿಂಜೆರಾಲಿಗಿಂತ ಹೆಚ್ಚು. ರಸಾಯನಶಾಸ್ತ್ರದ ನೆರವಿಲ್ಲದೆ, ನಾಲಿಗೆ ಮತ್ತು ಹೊಟ್ಟೆಯನ್ನೇ ಉಪಕರಣವಾಗಿಸಿಕೊಂಡವರು ಈ ವ್ಯತ್ಯಾಸವನ್ನು ಹಿಡಿದಿದ್ದರೆಂಬುದನ್ನು ನೆನೆದಾಗ ಗೌರವ ಮೂಡುತ್ತದೆ.

ಆದರೆ ಶುಂಠಿಗೆ ಸಿಕ್ಕ ಈ ವಿವರಣೆ ಏಡಿಗೆ ಸಿಗುವುದಿಲ್ಲ, ಬಾತುಕೋಳಿಗೂ ಇಲ್ಲ. ಮಾವಿನಹಣ್ಣಿನ ಉದಾಹರಣೆಯನ್ನೇ ನೋಡಿ. ನಮ್ಮ ಮನೆಗಳಲ್ಲಿ ಅದು ಉಷ್ಣದ ಹಣ್ಣು, ಆದ್ದರಿಂದಲೇ ತಿಂದ ಮೇಲೆ ಹಾಲು ಕುಡಿಯಿರಿ ಎನ್ನುತ್ತಾರೆ. ಚೀನಾದ ಹಲವು ಆಹಾರಗ್ರಂಥಗಳಲ್ಲಿ ಅದೇ ಹಣ್ಣು ತಂಪಿನ ಗುಂಪಿನಲ್ಲಿದೆ. ಉಷ್ಣವು ಹಣ್ಣಿನೊಳಗೇ ಇರುವ ಗುಣವಾಗಿದ್ದರೆ ಎರಡು ನಾಡುಗಳೂ ಒಂದೇ ಮಾತನ್ನು ಹೇಳಬೇಕಿತ್ತು. ಈ ವರ್ಗೀಕರಣದಲ್ಲಿ ಒಂದಿಷ್ಟು ನಿಜವಾದ ಶರೀರಕ್ರಿಯೆ, ಒಂದಿಷ್ಟು ಋತು ಮತ್ತು ಊರಿನ ಅನುಭವ, ಇನ್ನಷ್ಟು ಸಿದ್ಧಾಂತದ ಅಚ್ಚಿಗೆ ಹೊಂದಿಸಲು ಮಾಡಿದ ಜೋಡಣೆ ಬೆರೆತಿವೆ ಎಂಬುದು ನನ್ನ ತಿಳಿವಳಿಕೆ.

‘ಒಬ್ಬೊಬ್ಬರ ಮೈಗೆ ಒಂದೊಂದು ಊಟ’ ಎಂಬ ಮೂಲ ಅನಿಸಿಕೆಗೆ ಆಧುನಿಕ ವಿಜ್ಞಾನದಿಂದ ಬೆಂಬಲವೂ ಬಂದಿದೆ, ಎಚ್ಚರಿಕೆಯೂ ಬಂದಿದೆ. ಇಸ್ರೇಲಿನ ವೈಝ್‌ಮನ್ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಎಂಟುನೂರು ಜನರ ರಕ್ತದ ಸಕ್ಕರೆಯನ್ನು ಒಂದು ವಾರ ಕಾಲ ನಿರಂತರ ಅಳೆದು, ಒಂದೇ ತಿನಿಸಿಗೆ ಒಬ್ಬರಲ್ಲಿ ಸಕ್ಕರೆ ಜಿಗಿದರೆ ಇನ್ನೊಬ್ಬರಲ್ಲಿ ಹೆಚ್ಚೇನೂ ಕದಲದೆ ಇರುವುದನ್ನು ತೋರಿಸಿದರು. ಇತ್ತ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 609 ಮಂದಿಯನ್ನು ಒಂದು ವರ್ಷ ಕಾಲ ಕಡಿಮೆ ಕೊಬ್ಬಿನ ಅಥವಾ ಕಡಿಮೆ ಪಿಷ್ಟದ ಊಟದಲ್ಲಿಟ್ಟು, ಅವರವರ ವಂಶವಾಹಿ ಮಾದರಿಯಿಂದಾಗಲಿ ಇನ್ಸುಲಿನ್ ಸ್ರವಿಸುವ ರೀತಿಯಿಂದಾಗಲಿ ಯಾರಿಗೆ ಯಾವ ಊಟ ಹೊಂದುತ್ತದೆಂದು ಮೊದಲೇ ಹೇಳಬಹುದೇ ಎಂದು ಪರೀಕ್ಷಿಸಿತು. 2018ರಲ್ಲಿ ಬಂದ ಉತ್ತರ ‘ಇಲ್ಲ’ ಎಂಬುದು. ಮೈಗಳು ಬೇರೆ ಬೇರೆ ಎಂಬುದು ನಿಜ, ಆದರೆ ಆ ವ್ಯತ್ಯಾಸವನ್ನು ಕೆಲವೇ ಗುಂಪುಗಳಾಗಿ ಹಂಚಿ ಗುಂಪಿಗೊಂದು ತಟ್ಟೆ ಇಡುವುದು ವಂಶವಾಹಿಗಳನ್ನು ಓದಬಲ್ಲವರಿಗೂ ಕಷ್ಟವಾಗಿದೆ.

ಚೀನಾದಲ್ಲಿ ಆಹಾರವಾಗಿಯೂ ಔಷಧವಾಗಿಯೂ ಬಳಸಬಹುದಾದ ಪದಾರ್ಥಗಳ ಅಧಿಕೃತ ಪಟ್ಟಿಯೊಂದಿದೆ. 2002ರಲ್ಲಿ ಅದರಲ್ಲಿ 87 ಹೆಸರುಗಳಿದ್ದವು. 2019ರಲ್ಲಿ ಸೇರಿಸಿದ ಆರರಲ್ಲಿ ಎರಡು ನಮಗೆ ತೀರ ಆಪ್ತವಾದವು, ಅರಿಶಿನ ಮತ್ತು ಹಿಪ್ಪಲಿ. ಹಿಪ್ಪಲಿಯ ಚೀನೀ ಹೆಸರಾದ ‘ಬಿಬೊ’ ಸಂಸ್ಕೃತದ ಪಿಪ್ಪಲಿಯಿಂದಲೇ ಹೋದದ್ದು. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ನಿರಪಾಯವಲ್ಲ. ಪಟ್ಟಿಯಲ್ಲಿರುವ ಜ್ಯೇಷ್ಠಮಧುವನ್ನು ದಿನವೂ ಹೆಚ್ಚು ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಪಟ್ಟಿಯ ಹೊರಗಿನ ಗಿಡಮೂಲಿಕೆಗಳ ಕಥೆ ಇನ್ನೂ ಕಠೋರ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆಯ ಪುಡಿ ಸೇವಿಸಿದ ಸುಮಾರು ನೂರು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಒಂದು ಮೂಲಿಕೆಯ ಜಾಗದಲ್ಲಿ ಹೆಸರು ಹೋಲುವ ಇನ್ನೊಂದು, ಅರಿಸ್ಟೊಲೋಕಿಕ್ ಆಮ್ಲವಿದ್ದದ್ದು, ಬಂದುಬಿಟ್ಟಿತ್ತು.

ಕೊನೆಯದಾಗಿ ಒಂದು ಸಾರಿನ ಬಗ್ಗೆ ಹೇಳಬೇಕು. ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆ ಹಾನ್ ಕಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಬರೆದಿಟ್ಟದ್ದು ಅದು. ಒಂದು ಜಿನ್ (ಅಂದರೆ ಹದಿನಾರು ಲ್ಯಾಂಗ್) ತೂಕದ ಕುರಿಮಾಂಸ, ಐದು ಲ್ಯಾಂಗ್ ಹಸಿಶುಂಠಿ, ಮೂರು ಲ್ಯಾಂಗ್ ಡಾಂಗ್‌ಗುಯಿ ಬೇರು, ಇಷ್ಟೇ ಸಾಮಗ್ರಿ. ಎಂಟು ಪಾಲು ನೀರು ಮೂರಕ್ಕೆ ಇಳಿಯುವವರೆಗೆ ಕುದಿಸಿ ದಿನಕ್ಕೆ ಮೂರು ಹೊತ್ತು ಕುಡಿಸಬೇಕು. ಹೊಟ್ಟೆನೋವಿನಿಂದ ನರಳುವ ಬಾಣಂತಿಯರಿಗೂ ಶೀತದಿಂದ ಬಳಲಿ ಸೊರಗಿದವರಿಗೂ ಆತ ಇದನ್ನು ಹೇಳಿದ. ಇಂದಿಗೂ ಚಳಿಗಾಲದಲ್ಲಿ ಕೈಕಾಲು ತಣ್ಣಗಾಗುವ ಹೆಂಗಸರಿಗೆಂದು ಚೀನೀ ಮನೆಗಳಲ್ಲಿ ಇದು ಕುದಿಯುತ್ತದೆ. ಆ ಪಾತ್ರೆಯಲ್ಲಿ ಮೈಗೆ ಸುಲಭವಾಗಿ ಹತ್ತುವ ಕಬ್ಬಿಣಾಂಶವಿದೆ, ಬಿ12 ಇದೆ, ನರಗಳಿಗೆ ಬಿಸಿಯ ಸುದ್ದಿ ಮುಟ್ಟಿಸುವ ಶುಂಠಿಯಿದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಹೆಚ್ಚಿಸಬಲ್ಲ, ಆ ಮಾತ್ರೆ ನುಂಗುವವರು ದೂರವಿಡಬೇಕಾದ ಡಾಂಗ್‌ಗುಯಿ ಕೂಡ ಅದೇ ಪಾತ್ರೆಯಲ್ಲಿದೆ. ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ತಣ್ಣನೆಯ ಕೈಕಾಲು, ಮೆಟ್ಟಿಲು ಹತ್ತಿದರೆ ಏದುಸಿರು, ತೀರದ ದಣಿವು ರಕ್ತಹೀನತೆಯ ಲಕ್ಷಣಗಳೂ ಹೌದು, ಥೈರಾಯ್ಡ್ ಕುಂದಿದಾಗಲೂ ಇವುಗಳಲ್ಲಿ ಕೆಲವು ಕಾಣಿಸುತ್ತವೆ. ಅರವತ್ತು ಪ್ರಶ್ನೆಗಳ ಪಟ್ಟಿ ಇವರನ್ನು ಚಿ ಕೊರತೆಯ ಅಥವಾ ಯಾಂಗ್ ಕೊರತೆಯ ಪ್ರಕೃತಿಯವರೆಂದು ಗುರುತಿಸೀತು. ಅಂಥವರು ಶುಂಠಿ ಹಾಕಿದ ಬಿಸಿ ಸಾರನ್ನು ಧಾರಾಳವಾಗಿ ಕುಡಿಯಲಿ, ಆದರೆ ಅದೇ ವಾರ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ.